ನೀರಕ್ಕ ಕಟ್ಟಿದ ಚಿಕ್ಕ ಪೆಟ್ಟಿಗೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ನೀರಕ್ಕ ಎನ್ನುತ್ತಿದ್ದರು. ಕೈ ಒದ್ದೆಯಾಗುವ ನೀರೇನಲ್ಲ. ಮೈಯೊಳಗಿನ ಪ್ರೋಟೀನ್ ಅಣು ಹೇಗೆ ಮಡಚಿಕೊಳ್ಳುತ್ತದೆ, ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ಅಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುತ್ತಿದ್ದರು. ಅದಕ್ಕೆ ಮುಂಚೆ ಅಣುವನ್ನು ಪೆಟ್ಟಿಗೆಯೊಂದರಲ್ಲಿಟ್ಟು ಸುತ್ತ ನೀರು ತುಂಬಬೇಕು; ಪೆಟ್ಟಿಗೆಯೂ ನೀರೂ ಬರೀ ಲೆಕ್ಕದವು. ಹತ್ತೊಂಬತ್ತು ವರ್ಷ ಅವಳದು ಅದೇ ಕೆಲಸ. ಹೊಸಬರು ಯಾರಾದರೂ ಪೆಟ್ಟಿಗೆ ಚಿಕ್ಕದು ಮಾಡಿದರೋ, ಅವರ ಗ್ರಹಚಾರ ಬಿಡಿಸುತ್ತಿದ್ದಳು. ಎಡಗೋಡೆ ದಾಟಿದ್ದು ಬಲಗೋಡೆಯಿಂದ ಒಳಬರುವ ಏರ್ಪಾಡು ಅದು. ಜಾಗ ಸಾಲದಿದ್ದರೆ ಅಣು ತನ್ನ ಬಾಲವನ್ನೇ ಬೇರೆ ಯಾರದೋ ಎಂದುಕೊಂಡು ಹಿಡಿದುಬಿಡುತ್ತದೆ.

ಅವಳ ತಮ್ಮ ದರ್ಜಿ. ಅವನ ಮೈಯಲ್ಲಿ ಅಂಥದೇ ಒಂದು ಪ್ರೋಟೀನ್ ಬಿಚ್ಚಿಕೊಂಡು ಹೃದಯದಲ್ಲಿ ಗಂಟುಗಟ್ಟುತ್ತಿತ್ತು. ಡಾಕ್ಟರು ಆರು ತಿಂಗಳ ಗಡುವು ಹೇಳಿದ್ದರು. ಬೇರೆ ಕಾಯಿಲೆಯ ಮಾತ್ರೆಯೊಂದು ಆ ಅಣುವನ್ನು ಬಿಚ್ಚಿಕೊಳ್ಳದಂತೆ ಹಿಡಿದೀತು ಎಂದು ನೀರಕ್ಕನ ಆಸೆ. ಲೆಕ್ಕದಲ್ಲಿ ಹಿಡಿದರೆ ಕೊಟ್ಟು ನೋಡೋಣ ಎಂದು ಡಾಕ್ಟರೂ ಒಪ್ಪಿದರು. ದೊಡ್ಡ ಪೆಟ್ಟಿಗೆಯಾದರೆ ಲೆಕ್ಕ ಮುಗಿಯಲು ನಾಲ್ಕು ತಿಂಗಳು, ಚಿಕ್ಕದಾದರೆ ಎರಡು. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಹೆಂಗಸು ಚಿಕ್ಕದನ್ನೇ ಕಟ್ಟಿದಳು.

ಎರಡು ತಿಂಗಳಿಗೆ ಪರದೆಯ ಮೇಲೆ ಅಣು ಕದಲದೆ ಕೂತಿತ್ತು. ಒಂದೇ ಉಸಿರಿಗೆ ತಮ್ಮನ ಮನೆಗೆ ಓಡಿದಳು.

"ಹಿಡ್ಕೊಂಡಿದೆ ಕಣೋ."

ಹಾಸಿಗೆ ಹಿಡಿದಿದ್ದವನು ಎದ್ದು ಮೆಷಿನ್ನಿನ ಮುಂದೆ ಕೂತ. ಅರ್ಧ ಅಂಗಿ ಹೊಲಿದ.

ಮರುದಿನ ಡಾಕ್ಟರಿಗೆಂದು ಚಿತ್ರ ತೆಗೆಯುವಾಗ ಅಣುವನ್ನು ತಿರುಗಿಸಿ ನೋಡಿದಳು. ಅದರ ಬಾಲ ಎಡಗೋಡೆ ದಾಟಿ, ಬಲಗಡೆಯಿಂದ ಬಂದು, ತನ್ನನ್ನು ತಾನೇ ತಬ್ಬಿತ್ತು. ಮಾತ್ರೆಯ ಅಣು ಎಲ್ಲೋ ದೂರ ನೀರಲ್ಲಿ ತೇಲುತ್ತಿತ್ತು.

ಸಂಜೆ ತಮ್ಮನಿಗೆ ಹೇಳಿದಳು. "ಅದು ಹಿಡ್ಕೊಂಡಿರ್ಲಿಲ್ಲ ಕಣೋ. ಬೇಗ ಮುಗೀಲಿ ಅಂತ ನಾನೇ ಪೆಟ್ಟಿಗೆ ಚಿಕ್ಕದು ಮಾಡ್ಬಿಟ್ಟೆ."

ಅವನು ಅರ್ಧ ಅಂಗಿಯನ್ನು ಮಡಚಿಟ್ಟ. "ಹೊಲಿಗೆಗೆ ಬಟ್ಟೆ ಬಿಡದೇ ಕತ್ತರಿಸ್ಬಿಟ್ಟೆ ಅನ್ನು," ಎಂದು ನಕ್ಕ. ಆಮೇಲೆ ಮೆಲ್ಲಗೆ, "ಮತ್ತೆ ಹಾಕಕ್ಕ. ನಾನಿರ್ತೀನೋ ಇಲ್ವೋ, ಅದನ್ನ ತಲೆಗೆ ಹಚ್ಕೋಬೇಡ," ಎಂದ.

ಹಾಕಿದಳು, ದೊಡ್ಡದನ್ನೇ. ಮೂರನೆಯ ತಿಂಗಳು ತಮ್ಮ ತೀರಿಕೊಂಡ. ಇನ್ನು ಆ ಲೆಕ್ಕ ನಿಲ್ಲಿಸೋಣವೇ ಎಂದು ಪ್ರಯೋಗಾಲಯದ ಹಿರಿಯರು ಕೇಳಿದಾಗ, "ನಡೀಲಿ ಸಾರ್," ಎಂದಳು. ಮೊದಲೇ ಸರಿಯಾಗಿ ಕಟ್ಟಿದ್ದರೆ ಅವನು ಉಳಿಯುತ್ತಿದ್ದನೇ? ಅದೊಂದು ಅವಳಿಗೆ ತಿಳಿಯಬೇಕಿತ್ತು.

ತಿಂಗಳಾದ ಮೇಲೆ ಲೆಕ್ಕ ಮುಗಿಯಿತು. ಎಲ್ಲ ಕಡೆಯಿಂದ ತಿರುಗಿಸಿ ನೋಡಿದಳು. ಅಣು ಪೂರ್ತಿ ಬಿಚ್ಚಿಕೊಂಡಿತ್ತು. ಆ ಮಾತ್ರೆ ಯಾವತ್ತೂ ಹಿಡಿಯುವಂಥದ್ದಾಗಿರಲಿಲ್ಲ.

ಅಬ್ಬ ಎನ್ನಿಸಿತು. ಎದೆಯ ಮೇಲಿನ ಕಲ್ಲು ಇಳಿಯಿತು. ತಮ್ಮನ ಔಷಧಿ ಸೋತದ್ದಕ್ಕೆ ತಾನು ಹಗುರಾದೆನಲ್ಲ ಎಂದು ಮರುಕ್ಷಣವೇ ಹೊಳೆದು, ಕುರ್ಚಿಯಲ್ಲೇ ಕುಸಿದು ಅತ್ತಳು. ಅವನು ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ.