ಹ್ಯಾಂಗರಿನ ಹಾಜರಿ

ಬೀದಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಮೂರು ಮಹಡಿಯ ಹಳೆಯ ಕಟ್ಟಡದ ಕೆಳಮನೆ ಅವಳದು. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡು ಒಂದು ಉದ್ದನೆಯ ಮೇಜು, ಅದರ ಮೇಲೆ ಮಡಿಸಿ ಹಾಸಿದ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಕಂದು ಕಲೆ ಹಿಡಿದ ಬಿಳಿ ದುಪ್ಪಟಿ. ನೀರು ಚಿಮುಕಿಸಿದ ಅಂಗಿಯ ಮೇಲೆ ಅವಳು ಇಸ್ತ್ರಿಪೆಟ್ಟಿಗೆ ಎಳೆದರೆ ಸುಯ್ಯೆಂದು ಆವಿ ಏಳುತ್ತಿತ್ತು. ಬೆಳಗಿನ ಬಿಸಿಲಿನಲ್ಲಿ ಆ ಆವಿ ಹಾಲಿನಂತೆ ಹರಡಿ, ಗೋಡೆಯ ಮೊಳೆಗಳಲ್ಲಿ ತೂಗುಹಾಕಿದ ಅಂಗಿ, ಕೋಟುಗಳೆಲ್ಲ ಮನೆಗೆ ಬಂದು ನಿಂತ ಸಭ್ಯ ನೆಂಟರಂತೆ ಕಾಣುತ್ತಿದ್ದವು. ತಲೆ ಇರಲಿಲ್ಲ ಅವಕ್ಕೆ. ಹಾಗಾಗಿ ಯಾವ ಕೆಲಸವನ್ನೂ ಹೇಳುತ್ತಿರಲಿಲ್ಲ. ಆ ಮನೆಯಲ್ಲಿ ಕೆಲಸ ಹೇಳದವರು ಅವರಷ್ಟೇ.

ಆ ವರ್ಷ ಮಗಳ ಶಾಲೆಯ ಒಂದು ಭಾಗ ಸೋರಲು ಶುರುವಾಗಿ ಕೋಣೆಗಳು ಸಾಲದೆ ಹೋದವು. ವಾರಕ್ಕೆ ಎರಡು ದಿನ ಶಾಲೆಗೆ ಹೋಗುವುದು, ಮೂರು ದಿನ ಮನೆಯಲ್ಲೇ ಫೋನಿನ ಮುಂದೆ ಕೂತು ಕಲಿಯುವುದು ಎಂದಾಯಿತು. ಪುಟ್ಟಿ ಏಳನೇ ತರಗತಿ. ಇಸ್ತ್ರಿ ಮೇಜಿನ ಒಂದು ತುದಿ ಅವಳಿಗೆ ಬಂತು. ಒಗೆದ ದಿಂಬಿನ ಚೀಲಗಳ ಕಟ್ಟಿಗೆ ಫೋನು ಒರಗಿಸಿ ಅವಳು ಪಾಠ ಕೇಳುತ್ತಿದ್ದಳು. ಇನ್ನೊಂದು ತುದಿಯಲ್ಲಿ ಅಮ್ಮ ಕಾಲರ್ ತಿದ್ದುತ್ತ ತಾನೂ ಕೇಳುತ್ತಿದ್ದಳು. ಆವಿಯ ನಡುವೆ ನದಿಗಳು ಹುಟ್ಟಿ ಸಮುದ್ರ ಸೇರುತ್ತಿದ್ದವು. ಗ್ರಹಗಳು ಸದ್ದಿಲ್ಲದೆ ಸುತ್ತುತ್ತಿದ್ದವು. ಏಳನೇ ತರಗತಿಯ ಅರ್ಧಕ್ಕೇ ಅಮ್ಮನ ಶಾಲೆ ನಿಂತಿತ್ತು. ತನ್ನ ತಾಯಿಯ ಹೆರಿಗೆಗೆಂದು ನಾಲ್ಕು ದಿನ ಮನೆಯಲ್ಲಿ ಉಳಿದವಳನ್ನು, ಹೇಗೂ ಮನೇಲಿದಾಳಲ್ಲ ಎಂದು ಐದನೇ ದಿನವೂ ಉಳಿಸಿಕೊಂಡರು. ಆಮೇಲೆ ಯಾರೂ ದಿನ ಎಣಿಸಲಿಲ್ಲ. ಅವಳ ಹಾಜರಿ ಸಂಖ್ಯೆ ಹದಿನೇಳು. ಈಗಲೂ ಫೋನಿನಲ್ಲಿ ಹದಿನೇಳು ಎಂದು ಕೂಗಿದರೆ ಅವಳ ಕೈ ಒಂದು ಗಳಿಗೆ ತಡೆಯುತ್ತಿತ್ತು.

ಆದರೆ ಮನೆಯಲ್ಲಿರುವ ಹುಡುಗಿ ಎಲ್ಲರ ಕೈಗೂ ಸಿಗುತ್ತಾಳೆ.

"ಮಗೂ, ನನ್ನ ಕನ್ನಡಕ ಎಲ್ಲಿಟ್ಟೆ?" ಅಜ್ಜಿ ಕೂಗುತ್ತಿದ್ದಳು. ಕನ್ನಡಕ ಅವಳ ತಲೆಯ ಮೇಲೇ ಇರುತ್ತಿತ್ತು.

"ಪುಟ್ಟೀ, ಬಾಗಿಲು ಎಳೆಯೇ, ಕಣ್ಣಿಗೆ ಬೆಳಕು ಹೊಡೀತಿದೆ." ಇದು ರಾತ್ರಿ ಪಾಳಿಯ ಕಾವಲು ಮುಗಿಸಿ ಬಂದು ಮಲಗಿದ ಅಪ್ಪ.

ಅಮ್ಮನೇನು ಕಡಿಮೆಯೆ? "ಎರಡನೇ ಮಹಡಿ ವಕೀಲರಿಗೆ ಈ ಕೋಟು ಕೊಟ್ಟು ಬಂದ್ಬಿಡೆ. ಒಂದೇ ನಿಮಿಷ."

ಆ ಒಂದೊಂದು ನಿಮಿಷಗಳಲ್ಲೇ ಹಾಜರಿ ತಪ್ಪಿ ತಪ್ಪಿ ಶಾಲೆಯಿಂದ ಚೀಟಿ ಬಂತು. ಮನೆಪಾಠದ ದಿನಗಳಲ್ಲಿ ಹನ್ನೊಂದು ಗೈರು. ಹದಿಮೂರು ಮುಟ್ಟಿದರೆ ಎಂಟಕ್ಕೆ ಹತ್ತಿಸುವುದಿಲ್ಲ, ಏಳನೆಯದನ್ನೇ ಮತ್ತೆ ಓದಬೇಕು.

"ಫೋನಿನ ಮುಂದೆ ಸುಮ್ನೆ ಕೂತ್ಕೊಳೋಕೂ ಆಗಲ್ವಾ ಇವಳಿಗೆ?" ಅಂದ ಅಪ್ಪ. "ಒಂದು ಲೋಟ ನೀರು ಕೊಡು ಪುಟ್ಟಿ."

ಪುಟ್ಟಿ ನೀರು ತರಲು ಎದ್ದಳು.

ಮುಂದಿನ ವಾರವೇ ಅದು ನಡೆದದ್ದು. ವಕೀಲರು ಮೆಟ್ಟಿಲಿನಿಂದ, "ಅಕ್ಕಾ, ಕೋಟು! ನಂಗೆ ಹೊತ್ತಾಯ್ತು!" ಎಂದು ಕೂಗಿದರು. ಪೆಟ್ಟಿಗೆ ಕಾದಿತ್ತು, ಕೈ ಕೆಳಗೆ ರೇಷ್ಮೆಯಿತ್ತು. ಚೀಟಿ ನೆನಪಿದ್ದೂ ಬಾಯಿ ತನ್ನ ಅಭ್ಯಾಸ ಬಿಡಲಿಲ್ಲ: "ಓಡೇ ಪುಟ್ಟಿ, ಹಾಜರಿಗೆ ಇನ್ನೂ ಹೊತ್ತಿದೆ." ಪುಟ್ಟಿ ಮೆಟ್ಟಿಲು ಹತ್ತಿದ್ದೇ ತಡ, ಫೋನಿನಲ್ಲಿ ಟೀಚರಮ್ಮನ ದನಿ ಸಂಖ್ಯೆಗಳನ್ನು ಕರೆಯತೊಡಗಿತು. ನೋಡನೋಡುತ್ತ ಹತ್ತೊಂಬತ್ತು. ಇಪ್ಪತ್ತು. ಪುಟ್ಟಿಯದು ಇಪ್ಪತ್ತೆರಡು.

ಇಸ್ತ್ರಿ ಅಕ್ಕ ಪೆಟ್ಟಿಗೆ ಪಕ್ಕಕ್ಕಿಟ್ಟು ಸುತ್ತ ಕಣ್ಣಾಡಿಸಿದಳು. ಮೊಳೆಯಲ್ಲಿ ಮರುದಿನಕ್ಕೆಂದು ಗರಿಗರಿಯಾಗಿ ತೂಗುಹಾಕಿದ್ದ ಯೂನಿಫಾರ್ಮ್ ಕಂಡಿತು. ಏನು ತೋಚಿತೋ ಏನೋ, ಹ್ಯಾಂಗರ್ ಸಮೇತ ಅದನ್ನು ಎತ್ತಿ ಫೋನಿನ ಮುಂದೆ ಹಿಡಿದು, ದನಿ ಸಣ್ಣದು ಮಾಡಿ, "ಹಾಜರ್ ಮೇಡಂ!" ಎಂದಳು.

ಫೋನಿನಲ್ಲಿ ಯಾವುದೋ ಮಗು ಕಿಸಕ್ಕೆಂದಿತು. "ಮೇಡಂ, ಅಂಗಿಗೆ ತಲೆನೇ ಇಲ್ಲ!"

"ಕಾಣ್ತಿದೆ," ಅಂದರು ಟೀಚರಮ್ಮ. "ಅಂಗಿ ಬಂದಿದೆ, ಸಂತೋಷ. ತಂದೋರು ಪಾಠ ಮುಗಿದ್ಮೇಲೆ ಸ್ವಲ್ಪ ನಿಲ್ಲಿ."

ಪಾಠ ಮುಗಿದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಫೋನಿನ ಮುಂದೆ ನಿಂತಳು. ಕೂರಲು ಧೈರ್ಯ ಬರಲಿಲ್ಲ.

"ಬೈಯೋಕೆ ಕರೀಲಿಲ್ಲ ಅಕ್ಕ," ಅಂದರು ಟೀಚರಮ್ಮ. "ಹಾಜರಿ ಪುಸ್ತಕ ನೋಡ್ತಿದ್ದೆ. ನಿಮ್ಮ ಮಗಳು ಶಾಲೆಗೆ ಬರೋ ದಿನ ಒಂದೂ ತಪ್ಪಿಸಿಲ್ಲ. ತಪ್ಪಿರೋದೆಲ್ಲ ಮನೇಲಿದ್ದಾಗಲೇ. ಯಾಕೆ ಅಂತ ನೀವೇ ಹೇಳಿ."

ಇಸ್ತ್ರಿ ಅಕ್ಕ ಉತ್ತರ ಹುಡುಕಿದಳು. ಕನ್ನಡಕ, ಬಾಗಿಲು, ನೀರು, ಕೋಟು ಒಂದೊಂದಾಗಿ ಬಂದು ಎದುರು ನಿಂತವು. "ಕೂಗಿದ್ರೆ ಬರ್ತಾಳಲ್ಲ ಮೇಡಂ," ಅಂದಳು. ಹೇಳುತ್ತಿದ್ದಂತೆ ಅವಳಿಗೇ ಅದು ಕೇಳಿಸಿತು. ಹೇಗೂ ಮನೇಲಿದಾಳಲ್ಲ ಎಂಬ ಮಾತು ಇಷ್ಟು ವರ್ಷ ದಾಟಿ ತನ್ನ ಬಾಯಲ್ಲೇ ಬಂದು ಕೂತಿತ್ತು.

"ತಪ್ಪು ನಮ್ಮದೂ ಇದೆ," ಅಂದರು ಟೀಚರಮ್ಮ. "ಯಾವ ಮನೇಲಿ ಯಾವ ಹೊತ್ತು ಗಡಿಬಿಡಿ ಅಂತ ಒಬ್ಬರನ್ನೂ ಕೇಳದೆ ಬೆಳಗ್ಗೆ ಎಂಟೂವರೆಗೇ ಕೂರಿಸಿಬಿಟ್ವಿ. ನಿಮ್ಮನೇಲಿ ಯಾವಾಗ ಬಿಡುವು?"

ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. "ಹತ್ತೂವರೆ ಮೇಲೆ, ಮೇಡಂ. ಆಫೀಸಿನ ಬಟ್ಟೆ ಎಲ್ಲ ಹೋಗಿರತ್ತೆ."

"ಎಲ್ಲ ಮನೆಗೂ ಫೋನ್ ಮಾಡಿ ಕೇಳ್ತೀನಿ. ಎರಡು ಪಾಠ ಫೋನಲ್ಲಿ, ಉಳಿದದ್ದು ಹಾಳೇಲಿ ಬರೆದು ಶಾಲೆಯ ದಿನ ತರಲಿ. ಅರ್ಥವಾಗದ್ದಕ್ಕೆ ಸಂಜೆ ಅರ್ಧ ಗಂಟೆ ನಾನು ಸಿಕ್ತೀನಿ. ಮನೆಯೊಳಗಿನ ಕೂಗು ಮಾತ್ರ ನಾನು ನಿಲ್ಲಿಸೋಕಾಗಲ್ಲ."

"ಇವತ್ತಿನ ಹಾಜರಿ?" ಅವಳು ಮೆಲ್ಲಗೆ ಕೇಳಿದಳು.

"ಗೈರೇ ಅಕ್ಕ. ಹನ್ನೆರಡು. ಇನ್ನೊಂದಾದ್ರೆ ನನ್ನ ಕೈಲೂ ಇರಲ್ಲ."

ಮುಂದಿನ ಮನೆಪಾಠದ ದಿನ ಇಸ್ತ್ರಿ ಅಕ್ಕ ಗಿರಾಕಿಗಳ ಬಟ್ಟೆ ಮುಟ್ಟುವ ಮುಂಚೆ ಮಗಳ ಯೂನಿಫಾರ್ಮಿಗೆ ಪೆಟ್ಟಿಗೆ ಹಾಕಿದಳು. ತೋಳಿನ ಗೆರೆ ಕತ್ತಿಯ ಅಲಗಿನಂತೆ ನಿಂತಿತು.

"ಮನೇಲೇ ಅಲ್ವಾ ಅಮ್ಮ, ಯಾರಿಗೆ ಕಾಣತ್ತೆ?" ಅಂದಳು ಪುಟ್ಟಿ.

"ಇವರಿಗೆ ಕಾಣಲಿ ಅಂತಾನೇ." ಅವಳು ಒಳಗಿನ ಕೋಣೆಯತ್ತ ತಿರುಗಿ ಗಟ್ಟಿಯಾಗಿ ಹೇಳಿದಳು: "ಅತ್ತೆ, ಕೇಳಿಸ್ಕೊಳಿ. ರೀ, ನೀವೂನೂ. ಇವಳ ಮೈಮೇಲೆ ಈ ಬಟ್ಟೆ ಇರೋವರೆಗೂ ಇವಳು ಮನೇಲಿಲ್ಲ. ನಾನೂ ಕೂಗಲ್ಲ."

"ಕಣ್ಣೆದುರಿಗೇ ಕೂತಿದಾಳಲ್ಲೇ!" ಅಂದಳು ಅತ್ತೆ.

"ಕನ್ನಡಕ ಹಾಕ್ಕೊಳಿ, ಯೂನಿಫಾರ್ಮ್ ಕಾಣತ್ತೆ, ಅವಳು ಕಾಣಲ್ಲ."

ಅತ್ತೆ ಮೊದಲ ಎರಡು ದಿನ ಮುನಿಸಿಕೊಂಡಳು. ಮೂರನೇ ದಿನ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಪಾಠದ ಹೊತ್ತು ಹತ್ತೂವರೆಗೆ ಬದಲಾಗುವ ಮುಂಚೆ, ಒಂದು ಬೆಳಗ್ಗೆ ವಕೀಲರು ಮೆಟ್ಟಿಲಿನಿಂದ, "ಮಗಳ ಕೈಲಿ ಕಳಿಸಿ ಅಕ್ಕ," ಅಂದಾಗ, "ಅವಳು ಶಾಲೇಲಿದಾಳೆ ಸರ್, ನೀವೇ ಮೆಟ್ಟಿಲು ಇಳಿದು ಬನ್ನಿ," ಎಂಬ ಉತ್ತರ ಹೋಯಿತು. ಅವರು ಇಳಿದು ಬಂದರು. ಫೋನಿನ ಮುಂದಿದ್ದ ಪುಟ್ಟಿಯನ್ನು ಕಂಡು, ನ್ಯಾಯಾಲಯಕ್ಕೆ ತಡವಾಗಿ ಬಂದವರಂತೆ ಬಗ್ಗಿ ಹಿಂದಕ್ಕೆ ಸರಿದರು.

ಒಂದು ದಿನ ಗಂಡ ನಿದ್ದೆಯಿಂದ ಎದ್ದು ಬಂದ. "ಪುಟ್ಟಿ ಎಲ್ಲಿ?" ಎಂದ, ಮಗಳನ್ನೇ ನೋಡುತ್ತ.

"ಶಾಲೇಲಿ."

ಅವನು ತಲೆ ಕೆರೆದುಕೊಂಡ. ತುದಿಗಾಲಲ್ಲಿ ಹೋಗಿ ತಾನೇ ನೀರು ಬಗ್ಗಿಸಿಕೊಂಡ. ಒಂದು ಗಳಿಗೆ ನಿಂತು ಇನ್ನೊಂದು ಲೋಟ ತುಂಬಿ ಹೆಂಡತಿಯ ಪಕ್ಕ ಇಟ್ಟ. ಅವಳು ಕುಡಿದು ಮತ್ತೆ ಪೆಟ್ಟಿಗೆ ಎತ್ತಿಕೊಂಡಳು. ಒಂದು ಲೋಟ ನೀರಿಗೆ ಕೊಂಡಾಡುವ ಅಗತ್ಯವೇನೂ ಅವಳಿಗೆ ಕಾಣಲಿಲ್ಲ.

ವರ್ಷದ ಕೊನೆಗೂ ಹನ್ನೆರಡು ಹನ್ನೆರಡಾಗಿಯೇ ಉಳಿಯಿತು.

ಶಾಲೆಯ ಸೂರು ಇನ್ನೂ ಸರಿಯಾಗಿರಲಿಲ್ಲ. ರಜೆ ಕಳೆದು ಮೊದಲ ಮನೆಪಾಠದ ದಿನ, ಹೊಸ ಅಳತೆಯ ಯೂನಿಫಾರ್ಮ್ ತೊಟ್ಟು ಪುಟ್ಟಿ ಮೇಜಿನ ತುದಿಯಲ್ಲಿ ಕೂತಳು. "ಎಂಟನೇ ತರಗತಿಗೆ ಸ್ವಾಗತ ಮಕ್ಕಳೇ," ಅಂದಿತು ಫೋನು. ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಈ ಪಾಠಗಳನ್ನು ಅವಳು ಎಂದೂ ಕೇಳಿರಲಿಲ್ಲ. ಆವಿ ನಿಧಾನವಾಗಿ ಕಿಟಕಿಯತ್ತ ತೇಲಿತು, ಮೊಳೆಗಳ ಮೇಲಿನ ಅಂಗಿಗಳೆಲ್ಲ ಸದ್ದಡಗಿಸಿ ನಿಂತವು. ಸಂಖ್ಯೆಗಳು ಒಂದೊಂದಾಗಿ ಬರತೊಡಗಿದವು. ಹದಿನೇಳು ಎಂದಾಗ ಅಲ್ಲೆಲ್ಲೋ ಒಬ್ಬ ಹುಡುಗಿ ಓಗೊಟ್ಟಳು. ಇಲ್ಲಿ ಇಸ್ತ್ರಿ ಅಕ್ಕನ ತುಟಿಯೂ ತುಸು ಅಲುಗಿತು. ಆಮೇಲೆ ಅವಳು ಒಂದು ಸ್ಟೂಲು ಎಳೆದುಕೊಂಡು ಮಗಳ ಪಕ್ಕ ಕೂತಳು.