ಹೊಗೆಯ ಪುಟ, ಚಿಕ್ಕಪ್ಪನ ಎಡೆ

ಪಿತೃಪಕ್ಷದ ಹಬ್ಬಕ್ಕೆ ಊರಿಗೆ ಹೋಗುವವರು ಹಣ್ಣು, ಹೂವು, ಪಂಚೆ ಒಯ್ಯುತ್ತಾರೆ. ಈ ಸಲ ನಾನು ಅವುಗಳ ಜೊತೆಗೆ ಒಂದು ಸರ್ಕಾರಿ ಆದೇಶವನ್ನೂ ಒಯ್ದೆ. ಒಯ್ಯಲು ಹೇಳಿದವಳು ಚಿಕ್ಕವ್ವ. "ಆ ಕಾಗ್ದ ತಕ್ಕಂಡ್ ಬಾರವ್ವ. ಎಡೆ ಮುಂದೆ ಮಡಗಿ ಅವ್ರಿಗೆ ಓದಿ ಹೇಳ್ಬೇಕು" ಎಂದು ಫೋನಿನಲ್ಲಿ ಅಂದಾಗ, ಹ್ಞೂಂ ಎಂದುಬಿಟ್ಟೆ.

ಅವರು ಎಂದರೆ ಚಿಕ್ಕಪ್ಪ. ನಮ್ಮೂರು ಉಯ್ಯಂಬಳ್ಳಿಯ ಪಕ್ಕ, ಹೊಲ ದಾಟಿದರೆ ಕಾಡು. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುತ್ತಿದ್ದುದೇ ರಾತ್ರಿ. ಮೋಟಾರು ಹಾಕಲು ಟಾರ್ಚು ಹಿಡಿದು ಹೋದ ಚಿಕ್ಕಪ್ಪನನ್ನು ಆನೆ ತುಳಿದು ಹಾಕಿತು. ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಕರೆಂಟು ಬಂತು ಎಂದು ಯಾರೂ ಖುಷಿಯಿಂದ ಹೇಳಿದ್ದಿಲ್ಲ.

ನಾನು ಕೆಲಸ ಮಾಡುವುದು ಬೆಂಗಳೂರಿನಲ್ಲಿ, ಕರೆಂಟಿನ ದರ ಮತ್ತು ನಿಯಮಗಳನ್ನು ತೀರ್ಮಾನಿಸುವ ಕಚೇರಿಯಲ್ಲಿ. ಪಂಪ್‌ಸೆಟ್ಟುಗಳಿಗೆ ಹಗಲಲ್ಲೇ ಕರೆಂಟು ಕೊಡಬೇಕೇ ಎಂಬ ನಿಯಮ ಚರ್ಚೆಗೆ ಬಂದಾಗ ಟಿಪ್ಪಣಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾವು ತೂಗುವ ರೀತಿ ಹೀಗೆ: ರಾತ್ರಿಯ ಕರೆಂಟಿಗೆ ಕಲ್ಲಿದ್ದಲು ಸುಡಬೇಕು, ಹಗಲಿಗೆ ಬಿಸಿಲಿದೆ. ರಾತ್ರಿಯದನ್ನು ಹಗಲಿಗೆ ತಂದರೆ ಎಷ್ಟು ಟನ್ ಇಂಗಾಲ ಆಕಾಶಕ್ಕೆ ಹೋಗುವುದು ತಪ್ಪುತ್ತದೆ, ಹಾಗೆ ತಪ್ಪಿದ ಒಂದೊಂದು ಟನ್ನಿಗೂ ಎಷ್ಟು ಬೆಲೆ ಕಟ್ಟಬೇಕು, ಲೈನು ಬದಲಿಸುವ ಖರ್ಚಿನ ಎದುರು ಅದು ನಿಲ್ಲುತ್ತದೆಯೇ. ಆ ಬೆಲೆಯ ಬಗ್ಗೆ ನಾವು ಜಗಳವಾಡಿದ್ದೆಷ್ಟು, ಕುಡಿದ ಕಾಫಿ ಎಷ್ಟು! ಕಣ್ಣಿಗೆ ಕಾಣದ ಅನಿಲವನ್ನು ನಿಯಮದೊಳಗೆ ತಂದು ಕೂರಿಸುತ್ತಿದ್ದೇವೆ ಎಂದು ನನಗೆ ಹೆಮ್ಮೆಯಿತ್ತು. ಅದು ಆಗಬೇಕಾದ ಕೆಲಸವೇ, ಈಗಲೂ ಹಾಗೆಂದೇ ನಂಬಿದ್ದೇನೆ.

ರಾಮನಗರದಲ್ಲಿ ಸಾರ್ವಜನಿಕ ವಿಚಾರಣೆ ಇಟ್ಟಾಗ ಚಿಕ್ಕವ್ವ ಕನಕಪುರದಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಕಾರ್ಖಾನೆಗಳ ಪರವಾಗಿ ಬಂದ ವಕೀಲರೆಲ್ಲ ಮಾತಾಡಿದ ಮೇಲೆ ಅವಳ ಕೈಗೆ ಮೈಕು ಬಂತು. "ನಮ್ಮೆಜಮಾನ್ರು ಕರೆಂಟು ಬಂತು ಅಂತ ಎದ್ದೋದೋರು ತಿರ್ಗಾ ಮನೆಗೆ ಬರ್ನಿಲ್ಲ ಸ್ವಾಮಿ. ಇನ್ಯಾರೂ ಹಂಗೆ ಹೋಗ್ಬಾರ್ದು" ಎಂದಳು. ವೇದಿಕೆಯ ಮೇಲಿದ್ದವರು ತಲೆಯಾಡಿಸಿ ಬರೆದುಕೊಂಡರು. ನಾನೂ ಬರೆದುಕೊಂಡೆ.

ಆದೇಶದ ಕರಡು ಮಾಡಲು ಕೂತಾಗ ಆ ಮಾತನ್ನು ಎಲ್ಲಿಡಬೇಕೆಂದು ತೋಚಲಿಲ್ಲ. ಇಂಗಾಲಕ್ಕೆ ಒಂದು ಕಾಲಂ ಇತ್ತು, ಖರ್ಚಿಗೆ ಒಂದಿತ್ತು. ಆನೆಗೆ ಇರಲಿಲ್ಲ. ನಾನಾಗಿ ಸೇರಿಸಿದರೆ ನಿಮ್ಮ ಸ್ವಂತದವರಾ ಎಂದು ಯಾರಾದರೂ ಕೇಳಿಯಾರು ಎಂಬ ಅಳುಕು ಬೇರೆ. ಕೊನೆಗೆ ಟೈಪ್ ಮಾಡಿದ್ದು, ಸಾರ್ವಜನಿಕರ ಅಭಿಪ್ರಾಯಗಳನ್ನು ಗಮನಿಸಲಾಗಿದೆ ಎಂಬ ಒಂದೇ ಸಾಲು. ಅದೂ ಇಂಗ್ಲಿಷಿನಲ್ಲಿ. ಹಗಲು ಕರೆಂಟಿಗೆ ಒಪ್ಪಿಗೆಯೇನೋ ಸಿಕ್ಕಿತು, ತಪ್ಪುವ ಹೊಗೆಯ ಲೆಕ್ಕದ ದೆಸೆಯಿಂದ. ಆದರೆ ಚಿಕ್ಕವ್ವ ತನ್ನ ಮಾತಿಗೇ ಸಿಕ್ಕಿದ್ದು ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು. ಹಾಗಲ್ಲ ಚಿಕ್ಕವ್ವ ಎನ್ನಲು ನನಗೆ ಬಾಯಿ ಬರಲಿಲ್ಲ.

ಹಬ್ಬದ ಮಧ್ಯಾಹ್ನ ಚಿಕ್ಕಪ್ಪನ ಫೋಟೋ ಮುಂದೆ ಎಡೆ ಇಟ್ಟರು. ಬಾಳೆ ಎಲೆಯಲ್ಲಿ ಮುದ್ದೆ, ಬಾಡಿನ ಸಾರು, ಕಜ್ಜಾಯ, ಪಕ್ಕದಲ್ಲಿ ಅವನು ಸೇದುತ್ತಿದ್ದ ಬೀಡಿಯ ಕಟ್ಟು. ಚಿಕ್ಕವ್ವ ಆದೇಶವನ್ನು ಕೈಗೆ ತೆಗೆದುಕೊಂಡು, "ಅವ್ರ ಇಚಾರ ಯಾವ ಹಾಳೇಲೈತೆ?" ಎಂದಳು. ಮನೆ ತುಂಬ ನೆಂಟರು. ಕೈಗೆ ಸಿಕ್ಕ ಪುಟ ತೆರೆದು ತೋರಿಸಿದೆ. ಅದು ಇಂಗಾಲದ ಲೆಕ್ಕದ ಪುಟ. ಅವಳು ಅದರ ಮೂಲೆಗೆ ಅರಿಶಿನ ಮುಟ್ಟಿಸಿ, ಊದುಬತ್ತಿ ಬೆಳಗಿ, ನನ್ನ ಕೈಗೆ ಕೊಟ್ಟಳು. "ಓದವ್ವ. ಕನ್ನಡದಾಗೆ ಹೇಳು, ಅವ್ರಿಗೆ ಇಂಗ್ಲೀಸು ಬರಾಕಿಲ್ಲ."

ಟನ್ನುಗಳ ಮೇಲೆ ಬೆರಳಿಟ್ಟುಕೊಂಡು ಓದಿದೆ: "ಉಯ್ಯಂಬಳ್ಳಿ ಕಡೆಯ ರೈತರೊಬ್ಬರು ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗಿ ಜೀವ ಕಳೆದುಕೊಂಡರು. ಅವರ ಹೆಂಡತಿ ನಮ್ಮೆದುರು ನಿಂತು ಹೇಳಿದ ಮಾತು ಕೇಳಿದ ಮೇಲೆ ಈ ನಿಯಮ ಮಾಡದೆ ಇರಲು ನಮ್ಮಿಂದ ಆಗಲಿಲ್ಲ." ಅದರಲ್ಲಿ ಒಂದಕ್ಷರವೂ ಆ ಪುಟದಲ್ಲಿರಲಿಲ್ಲ. ಚಿಕ್ಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಚಿಕೆಗೆ ನಾನು ತಲೆ ತಗ್ಗಿಸಿದೆ. ನೆಂಟರು ಅದನ್ನು ದುಃಖ ಎಂದುಕೊಂಡು ನನ್ನ ಬೆನ್ನು ಸವರಿದರು, ಅದಂತೂ ಸಹಿಸಲಾಗಲಿಲ್ಲ.

ಅಷ್ಟರಲ್ಲಿ ಚಿಕ್ಕಪ್ಪನ ಅಕ್ಕ, ನನ್ನ ಸೋದರತ್ತೆ, ಮಾಗಡಿಯಿಂದ ಬಂದಳು. ಬಸ್ಸು ತಡವಾಗಿತ್ತಂತೆ. ಅವಳು ಫೋಟೋಕ್ಕೆ ಕೈಮುಗಿದು ಕೂರುತ್ತಲೇ ಚಿಕ್ಕವ್ವ ನನ್ನ ಕಡೆ ತಿರುಗಿ, "ನಿಮ್ಮತ್ತೆ ಕೇಳ್ನಿಲ್ಲ. ಇನ್ನೊಂದ್ಸಲ ಓದ್ಬುಡವ್ವ" ಎಂದಳು.

ಮತ್ತೆ ಅದೇ ಪುಟ. ಮೊದಲು ಏನು ಹೇಳಿದ್ದೆನೋ ನೆನಪಿಗೆ ಬರಲೊಲ್ಲದು. "ರಾತ್ರಿ ವೇಳೆಯ ಸರಬರಾಜಿನಿಂದ ರೈತರಿಗಾಗುತ್ತಿರುವ ಅನಾನುಕೂಲವನ್ನು ಪರಿಗಣಿಸಿ..." ಎಂದು ಶುರು ಮಾಡಿದೆ. ಬಾಯಿಗೆ ಬಂದದ್ದು ಕಚೇರಿಯ ಭಾಷೆ. ಅದರಲ್ಲಿ ಚಿಕ್ಕಪ್ಪ ಇರಲಿಲ್ಲ, ಅವನ ಹೆಂಡತಿಯೂ ಇರಲಿಲ್ಲ. ಮುಂದೆ ಹೋಗಲಾರದೆ ನಿಂತೆ.

ಚಿಕ್ಕವ್ವ ಹಾಳೆಯನ್ನು ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಯಿತು. ಬಯ್ಯಲಿಲ್ಲ. ಎಡೆಯ ಎಲೆಯನ್ನು ಸರಿಪಡಿಸುತ್ತ ಮೆಲ್ಲಗೆ ಅಂದಳು:

"ಮೊದ್ಲು ಓದಿದ್ನೇ ಓದವ್ವ. ಅವ್ರು ಕೇಳ್ತಾವ್ರೆ."