ಮಿಸ್ ಕಿಮ್ ಅಂಗಡಿಗೆ ಬಂದ ನಾಲ್ಕು ಪ್ಯಾಂಟುಗಳು

ಪ್ಯೊ ಗ್ವಿರ್ಯೆಯನ್ನು ವಿಲ್ಕಟ್ ಊರಿನಲ್ಲಿ ಯಾರೂ ಗ್ವಿರ್ಯೆ ಎಂದು ಕರೆದವರಲ್ಲ. ಎಲ್ಲರಿಗೂ ಆಕೆ ಮಿಸ್ ಕಿಮ್. ಅಸಲಿ ಮಿಸ್ ಕಿಮ್ ಇಪ್ಪತ್ತೆರಡು ವರ್ಷದ ಹಿಂದೆಯೇ ಅಂಗಡಿಯನ್ನು ಎರಡು ಹೊಲಿಗೆ ಯಂತ್ರ, ಒಂದು ನಿಲುವುಗನ್ನಡಿ ಮತ್ತು ಬೋರ್ಡಿನ ಸಮೇತ ಇವಳಿಗೆ ಮಾರಿ, ಲಾಸ್ ಏಂಜಲೀಸಿನ ಮಗಳ ಮನೆಗೆ ಹೊರಟುಹೋಗಿದ್ದಳು. ಬೋರ್ಡು ಬದಲಿಸಬೇಕೆಂದು ಗ್ವಿರ್ಯೆ ಮೊದಲ ವರ್ಷ ಅಂದುಕೊಂಡಳು. ಅಷ್ಟರಲ್ಲಿ ಸಿಪಾಯಿಗಳು ಕರೆದೂ ಕರೆದೂ ಹೆಸರು ಮೈಗೆ ಹತ್ತಿಬಿಟ್ಟಿತ್ತು. ದಂಡಿನ ಗೇಟಿನ ಎದುರು ಹೊಲಿಗೆ ಯಂತ್ರದ ಹಿಂದೆ ಕೂತ ಕೊರಿಯಾದ ಹೆಂಗಸು ಮಿಸ್ ಕಿಮ್ ಅಲ್ಲದೆ ಇನ್ಯಾರಾಗಿರಲು ಸಾಧ್ಯ ಎಂಬುದು ಅಮೆರಿಕದ ಸೈನ್ಯದ ಅಚಲವಾದ ನಂಬಿಕೆ.

ಅವಳನ್ನು ಮದುವೆಯಾಗಿ ಜಾರ್ಜಿಯಾಕ್ಕೆ ಕರೆತಂದವನು ಟಾಲಿವರ್ ಎಂಬ ಸಾರ್ಜೆಂಟು. ತಂದವನು ಒಂಬತ್ತು ವರ್ಷಕ್ಕೆ ಬಿಟ್ಟು ಟೆಕ್ಸಾಸಿಗೆ ಹೋದ. ಅವನ ಅಡ್ಡಹೆಸರು ಮಗ ರಸ್ಸೆಲ್‌ಗೆ ಅಂಟಿಕೊಂಡಿತು. ಇವಳಿಗೆ ಅಂಟಲಿಲ್ಲ, ಏಕೆಂದರೆ ಕೊರಿಯಾದ ಹೆಂಗಸರು ಗಂಡನ ಕೈ ಹಿಡಿಯುತ್ತಾರೆಯೇ ಹೊರತು ಅವನ ಹೆಸರು ಹಿಡಿಯುವುದಿಲ್ಲ. "ಈ ಊರಲ್ಲಿ ನಿನ್ನ ನಿಜವಾದ ಹೆಸರು ಗೊತ್ತಿರೋನು ನಾನೊಬ್ನೇ ಕಣಮ್ಮಾ, ನಾನು ಹುಷಾರಾಗಿರ್ಬೇಕು" ಎಂದು ರಸ್ಸೆಲ್ ನಗುತ್ತಿದ್ದ. ಆ ಹೆಸರನ್ನು ಅವನು ವರ್ಷಕ್ಕೊಮ್ಮೆ ಸೈನ್ಯದ ಒಂದು ಫಾರಂನಲ್ಲಿ ಬರೆಯುತ್ತಿದ್ದ. ತಾನು ಸತ್ತರೆ ಯಾರಿಗೆ ತಿಳಿಸಬೇಕು ಎಂಬ ಖಾನೆಯಲ್ಲಿ.

ರಸ್ಸೆಲ್‌ಗೆ ಇಪ್ಪತ್ತೊಂಬತ್ತು. ವಿಶೇಷ ಕಾರ್ಯಾಚರಣೆಯ ಪಡೆಗಳನ್ನು ಕತ್ತಲಲ್ಲಿ ಹೊತ್ತೊಯ್ದು ಕತ್ತಲಲ್ಲೇ ಇಳಿಸಿ ಬರುವ ಹೆಲಿಕಾಪ್ಟರುಗಳು ವಿಲ್ಕಟ್‌ನಿಂದಲೇ ಏಳುತ್ತಿದ್ದುದು. ಅವುಗಳಲ್ಲೊಂದರ ಬಾಗಿಲ ಬಳಿ ಬಂದೂಕು ಹಿಡಿದು ಕೂರುವ ಸ್ಟಾಫ್ ಸಾರ್ಜೆಂಟು ಅವನು. ಎಲ್ಲಿಗೆ ಹೋಗುತ್ತಾನೆ ಎಂದು ಅವಳು ಕೇಳುತ್ತಿರಲಿಲ್ಲ, ಎಲ್ಲಿಂದ ಬಂದೆ ಎಂದೂ ಕೇಳುತ್ತಿರಲಿಲ್ಲ. ಊಟ ಆಯ್ತಾ ಎಂದಷ್ಟೇ ಕೇಳುತ್ತಿದ್ದಳು.

ಎಲ್ಲವೂ ದರ್ಜೆಯ ಮೇಲೆ ನಡೆಯುವ ಆ ಊರಿನಲ್ಲಿ ಯಾವ ದರ್ಜೆಯೂ ಇಲ್ಲದವಳು ದರ್ಜಿ ಒಬ್ಬಳೇ. ಹಾಗಾಗಿ ಅವಳ ಮುಂದೆ ಕರ್ನಲ್ಲೂ ಪ್ಯಾಂಟು ಬಿಚ್ಚುತ್ತಿದ್ದ, ಸಿಪಾಯಿಯೂ ಬಿಚ್ಚುತ್ತಿದ್ದ. "ಸರ್ಕಾರ ಚೆನ್ನಾಗಿ ತಿನ್ನಿಸ್ತಿದೆ ನಿಮ್ಗೆ. ಶತ್ರು ಗುರಿ ಇಡೋದೇ ಬೇಡ, ಸುಮ್ನೆ ಗುಂಡು ಹಾರಿಸಿದ್ರೂ ಬೀಳುತ್ತೆ" ಎಂದು ಬಾಯ್ತುಂಬ ಸೂಜಿ ಇಟ್ಟುಕೊಂಡೇ ಬೈಯುತ್ತಿದ್ದಳು.

ಆ ಊರಿಗೆ ಸಾವಿನ ಸುದ್ದಿ ಮೊದಲು ಮುಟ್ಟುತ್ತಿದ್ದುದು ಸೊಂಟದ ಮೂಲಕ. ಸೈನಿಕ ಸತ್ತರೆ ಮನೆಯವರಿಗೆ ಫೋನು ಮಾಡುವ ಹಾಗಿಲ್ಲ. ಅವನ ದರ್ಜೆಯವನೋ, ಅವನಿಗಿಂತ ಮೇಲಿನವನೋ ಒಬ್ಬ, ಜೊತೆಗೊಬ್ಬ ಪಾದ್ರಿ, ಮನೆ ಬಾಗಿಲಿಗೆ ಹೋಗಿ, ಫಾರಂನಲ್ಲಿ ಹೆಸರಿದ್ದವರ ಮುಖ ನೋಡಿಯೇ ಹೇಳಬೇಕು. ಪಕ್ಕದ ಮನೆಯವರಿಗೆ ಹೇಳಿ ಬರುವಂತಿಲ್ಲ, ಚೀಟಿ ಸಿಕ್ಕಿಸುವಂತಿಲ್ಲ. ಹೇಳಬೇಕಾದ ವಾಕ್ಯ ಬಾಯಿಪಾಠವಾಗಿರಬೇಕು. ಮೈಮೇಲೆ ಚಿನ್ನದ ಪಟ್ಟಿಯ ನೀಲಿ ಉತ್ಸವದ ಸಮವಸ್ತ್ರ ಇರಬೇಕು. ಆ ನೀಲಿ ಬಟ್ಟೆಯನ್ನು ಹೆಚ್ಚಿನವರು ಹಾಕಿ ಎರಡು ಮೂರು ವರ್ಷವಾಗಿರುತ್ತದೆ. ಬೆಳಗಿನ ಜಾವ ಕರೆ ಬಂದಾಗ ಬೀರುವಿನಿಂದ ತೆಗೆದು ನೋಡಿದರೆ ಗುಂಡಿಗೂ ಕಾಜಕ್ಕೂ ಮಾತುಕತೆ ನಿಂತುಹೋಗಿರುತ್ತದೆ. ಆಮೇಲೆ ಮಿಸ್ ಕಿಮ್ ಅಂಗಡಿಗೆ ಓಟ. ಹೀಗಾಗಿ ಒಂದೇ ಬೆಳಿಗ್ಗೆ ಎಷ್ಟು ಪ್ಯಾಂಟಿನ ಸೊಂಟ ಬಿಡಿಸಿದಳೋ ಅಷ್ಟು ಮನೆ ಮುರಿಯಿತು ಎಂದು ಅವಳಿಗೆ ರೇಡಿಯೋಗಿಂತ ಮೊದಲೇ ತಿಳಿಯುತ್ತಿತ್ತು. ಯಾರು ಎಂದು ಮಾತ್ರ ಅವಳು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅಳತೆ ತೆಗೆಯುವುದು ಅವಳ ಕೆಲಸ, ಅಳುವುದು ಇತರರದು.

ಆ ಮಾರ್ಚ್ ತಿಂಗಳ ಗುರುವಾರ ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಕ್ಯಾಪ್ಟನ್ ಪ್ರೂಯಿಟ್ ಮೆಟ್ಟಿಲ ಮೇಲೆ ನಿಂತಿದ್ದ. ತೋಳಿನ ಮೇಲೆ ನೀಲಿ ಪ್ಯಾಂಟು.

"ಎರಡಿಂಚು ಬಿಡ್ಬೇಕು ಮಿಸ್ ಕಿಮ್. ಈಗ್ಲೇ."

"ಮದ್ವೆನಾ?" ಎಂದಳು. ಪ್ರತಿ ಸಲವೂ ಹಾಗೇ ಕೇಳುತ್ತಿದ್ದಳು. ಮದುವೆಯಾಗಿದ್ದರೆ ಅವರು ನಗುತ್ತಿದ್ದರು. ಪ್ರೂಯಿಟ್ ನಗಲಿಲ್ಲ.

ಕ್ಯಾಪ್ಟನ್ ಎಂದರೆ ಸತ್ತವನು ಪೈಲಟ್ ಇರಬೇಕು ಎಂದು ಲೆಕ್ಕ ಹಾಕಿದಳು. ಸಾರ್ಜೆಂಟಿನ ಸಾವಿಗೆ ಕ್ಯಾಪ್ಟನ್ನನ್ನು ಕಳಿಸುವಷ್ಟು ಧಾರಾಳಿಗಳಲ್ಲ ಸೈನ್ಯದವರು. ಆದರೂ ಯಂತ್ರಕ್ಕೆ ದಾರ ಹಾಕುವ ನೆಪದಲ್ಲಿ ರಸ್ಸೆಲ್‌ಗೆ ಫೋನು ಮಾಡಿದಳು. ಫೋನು ಸ್ವಿಚ್ ಆಫ್ ಆಗಿತ್ತು. ಹಾರಾಟ ಇದ್ದ ಮರುದಿನ ಅದು ಆಫ್ ಆಗಿರುವುದು ಹೊಸದೇನಲ್ಲ.

ಪರದೆಯ ಹಿಂದೆ ಕನ್ನಡಿಯ ಮುಂದೆ ನಿಂತು ಪ್ರೂಯಿಟ್ ಚಡ್ಡಿಯಲ್ಲೇ ಬಾಯಿಪಾಠ ಮಾಡುತ್ತಿದ್ದ. "ಸೇನಾ ಕಾರ್ಯದರ್ಶಿಯವರ ಪರವಾಗಿ, ಅತ್ಯಂತ ವಿಷಾದದಿಂದ ತಿಳಿಸುವುದೇನೆಂದರೆ, ಶ್ರೀಮತಿ ಹಾಲ್ಕೋಂಬ್, ನಿಮ್ಮ ಪತಿ..." ಅಲ್ಲಿಗೆ ತಡವರಿಸಿ, ಥೂ ಎಂದು, ಮತ್ತೆ ಮೊದಲಿನಿಂದ. ನಿನ್ನೆ ರಾತ್ರಿ, ಕೊಲ್ಲಿಯ ಮೇಲೆ, ಅಭ್ಯಾಸದ ಹಾರಾಟದಲ್ಲಿ, ಮಂಜಿನಲ್ಲಿ ಹೆಲಿಕಾಪ್ಟರು ಬಿದ್ದು, ಹನ್ನೊಂದು ಮಂದಿ. ಏಳು ಜನ ಬೇರೆ ಊರಿನ ಕಮಾಂಡೋಗಳು. ಅವರ ಗೋಳು ಅವರೂರಿನ ದರ್ಜಿಗೆ. ವಿಲ್ಕಟ್‌ನ ಪಾಲು ನಾಲ್ಕು.

ಹೊಲಿಗೆ ಬಿಚ್ಚುತ್ತಿರುವಾಗಲೇ ಬಾಗಿಲ ಗಂಟೆ ಕಿಣಿಗುಟ್ಟಿತು. ಒಳಗೆ ಬಂದವಳು ಬ್ರಾಂಡಿ ಹಾಲ್ಕೋಂಬ್, ಕೈಯಲ್ಲೊಂದು ಮಗುವಿನ ಕೋಟು. ಬೆಳಿಗ್ಗೆಯಿಂದ ಗಂಡನ ಫೋನಿಲ್ಲ, ದಂಡಿನಲ್ಲಿ ಯಾರ ಫೋನೂ ಇಲ್ಲ. ಅಂಥ ದಿನ ಹೆಂಡಂದಿರು ಮಿಸ್ ಕಿಮ್ ಅಂಗಡಿಗೆ ಗುಂಡಿ ಹಾಕಿಸಲು ಬರುವುದು ರೂಢಿ. ಬಂದವರ ಕಣ್ಣು ಗುಂಡಿಯ ಮೇಲಿರುತ್ತಿರಲಿಲ್ಲ, ಮೊಳೆಗೆ ತೂಗುಹಾಕಿದ ನೀಲಿ ಬಟ್ಟೆ ಎಷ್ಟಿವೆ ಎಂಬುದರ ಮೇಲಿರುತ್ತಿತ್ತು.

ಗ್ವಿರ್ಯೆ ನೀಲಿ ಪ್ಯಾಂಟನ್ನು ಮಡಿಲಲ್ಲಿ ಮುದುರಿ ಅದರ ಮೇಲೆ ಮಗುವಿನ ಕೋಟು ಹರವಿಕೊಂಡಳು. ಪರದೆಯ ಹಿಂದಿನ ವಿಷಾದ ಥಟ್ಟನೆ ನಿಂತಿತು.

"ಬೆಳಿಗ್ಗೆಯಿಂದ ಯಾರಾದ್ರೂ ಬಂದಿದ್ರಾ ಮಿಸ್ ಕಿಮ್?"

"ಯಾರು ಬರ್ತಾರೆ ಇಷ್ಟೊತ್ತಿಗೆ. ನೀನೇ ಮೊದಲ ಬೋಣಿ."

"ನಿಜ ಹೇಳಿ."

"ನಿನ್ನ ಮಗು ಗುಂಡಿ ಕಿತ್ತು ನುಂಗ್ತಾ ಇದೆಯೇನೇ? ಮೂರನೇ ಸಲ ಇದು." ಅವಳು ನಾಲ್ಕು ಸುತ್ತು ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದಳು. "ತಗೋ. ಮನೇಗೆ ಹೋಗು. ಎಲ್ಲೂ ಸುತ್ತಬೇಡ. ಮನೇಲೇ ಇರು."

ಬ್ರಾಂಡಿ ಒಂದು ಕ್ಷಣ ಅವಳನ್ನೇ ನೋಡಿದಳು. "ಯಾಕೆ ಮನೇಲೇ ಇರ್ಬೇಕು?"

"ಚಳಿ ಇದೆ. ಮಗೂಗೆ ಆಗಲ್ಲ."

ಅವಳು ಹೋದ ಮೇಲೆ ಪ್ರೂಯಿಟ್ ಪರದೆಯಿಂದ ತಲೆ ಹೊರಗೆ ಹಾಕಿದ. ಮುಖ ಬೆವೆತಿತ್ತು. "ಥ್ಯಾಂಕ್ಸ್. ಮನೇಲಿಲ್ದೆ ಹೋಗಿದ್ರೆ ಊರೆಲ್ಲ ಹುಡುಕ್ಬೇಕಿತ್ತು."

"ಉಸಿರು ಬಿಡಿ, ಅಳತೆ ಸರಿಯಾಗಿ ಸಿಗ್ಲಿ" ಎಂದಳು ಗ್ವಿರ್ಯೆ.

ಇಪ್ಪತ್ತು ನಿಮಿಷದಲ್ಲಿ ಅವನು ಹೋದ. ಅವನ ಬೆನ್ನಿಗೇ ಇನ್ನಿಬ್ಬರು ಬಂದರು. ಒಬ್ಬ ಹಿರಿಯ ವಾರಂಟ್ ಅಧಿಕಾರಿ, ಒಬ್ಬ ಬೋಳುತಲೆಯ ಸಾರ್ಜೆಂಟು. ಪ್ಯಾಂಟು ಕೊಟ್ಟು ಬೆಂಚಿನ ಮೇಲೆ ಟವಲು ಸುತ್ತಿಕೊಂಡು ಕೂತರು. ವಾರಂಟ್ ಅಧಿಕಾರಿ ಬಂದನೆಂದರೆ ಸತ್ತವನು ಎರಡನೆಯ ಪೈಲಟು. ಸಾರ್ಜೆಂಟು ಎಂದ ಮೇಲೆ ಬಾಗಿಲ ಬಳಿ ಕೂರುವವರಲ್ಲಿ ಒಬ್ಬ. ವಿಲ್ಕಟ್‌ನಲ್ಲಿ ಅಂಥವರು ನಲವತ್ತು ಮಂದಿ ಇದ್ದರು. ನಲವತ್ತರಲ್ಲಿ ಇಬ್ಬರು, ಎಂದು ಅವಳು ಭಾಗಿಸಿ ನೋಡಿದಳು. ಒಂದು ಸೂಜಿ ಮುರಿಯಿತು. ಬೇರೆ ಹಾಕಿದಳು. ಬೋಳುತಲೆಯವನು ಬೆಂಚಿನ ಮೇಲೆ ಬಾಯಿ ಆಡಿಸುತ್ತಿದ್ದ. ತುಟಿಯಿಂದ ಒಂದು ಹೆಸರು ಜಾರಿತು. ಮರ್ಫ್ರಿ. ಟಾಲಿವರ್ ಅಲ್ಲ. ಅವಳಿಗೆ ಎಂಥ ಸಂತೋಷವಾಯಿತೆಂದರೆ, ಎಂದೂ ನೋಡಿರದ ಮರ್ಫ್ರಿಯ ತಾಯಿಯ ಮೇಲೆ ಒಂದು ಗಳಿಗೆ ಪ್ರೀತಿಯೇ ಉಕ್ಕಿತು. ಇನ್ನು ಉಳಿದಿರುವುದು ಒಂದೇ ಪ್ಯಾಂಟು.

ಅದು ಹತ್ತು ಗಂಟೆಗೆ ಬಂತು. ಹೊತ್ತು ತಂದವನು ಸಾರ್ಜೆಂಟ್ ಡೆವೆರೊ, ಸಾಮಗ್ರಿ ಉಗ್ರಾಣದವನು, ಸಾವು ಹೇಳಲು ಇದೇ ಮೊದಲ ಸಲ ಹೊರಟವನು. ಸೊಂಟ ಮೂರಿಂಚು ಬಿಡಿಸಬೇಕಿತ್ತು.

"ಮಿಸ್ ಕಿಮ್, ದೇವ್ರು ಕಳಿಸಿದ ಹಾಗೆ ಸಿಕ್ರಿ. ನೀವು ಕೊರಿಯಾದವ್ರು ಅಲ್ವಾ? ಒಂದು ಹೆಸ್ರು ಹೇಳ್ಕೊಡಿ. ತಪ್ಪು ಹೇಳ್ಬಾರ್ದು ಅಂತ ಕಟ್ಟುನಿಟ್ಟು." ಜೇಬಿನಿಂದ ಚೀಟಿ ತೆಗೆದು, ವಿಳಾಸದ ಭಾಗವನ್ನು ಹೆಬ್ಬೆರಳಿನಿಂದ ಮುಚ್ಚಿ, ಹೆಸರನ್ನಷ್ಟೇ ತೋರಿಸಿದ. ನಿಯಮ ಮೀರಬಾರದಲ್ಲ. "ಪಿಯೋ ಗುಯಿ ರೈ. ಹಿಂಗೇನಾ?"

ಗ್ವಿರ್ಯೆ ಚೀಟಿಯನ್ನು ನೋಡಿದಳು. ಅಕ್ಷರ ರಸ್ಸೆಲನದಲ್ಲ, ಟೈಪು ಮಾಡಿದ್ದು. ಅವಳ ಕಾಲು ಯಂತ್ರದ ಪೆಡಲಿನ ಮೇಲೇ ಇತ್ತು. ಯಂತ್ರ ತಾನಾಗಿ ಒಂದು ಗೇಣು ಬರೀ ಗಾಳಿಯನ್ನು ಹೊಲಿಯಿತು.

"ಗ್ವಿರ್ಯೆ" ಎಂದಳು.

"ಗೈರೀ."

"ಗ್ವಿ. ರ್ಯೆ."

"ಗುಯಿರ್ಯೆ. ಪ್ಯೊ ಗ್ವಿರ್ಯೆ. ಸರಿನಾ? ಪ್ಯೊ ಗ್ವಿರ್ಯೆ, ಪ್ಯೊ ಗ್ವಿರ್ಯೆ." ಅವನು ಮಗ್ಗಿ ಒಪ್ಪಿಸುವವನ ಹಾಗೆ ಹೇಳಿಕೊಂಡ. ಗಂಡನೂ ಅಷ್ಟು ಸಲ ಕರೆದಿರಲಿಲ್ಲ. "ಇನ್ನೊಂದು ಮಾತು ಕೇಳ್ಲಾ, ತಪ್ಪು ತಿಳ್ಕೋಬೇಡಿ. ನಿಮ್ಮ ಕಡೆ ಹೆಂಗಸ್ರು ನೆಲದ ಮೇಲೆ ಬಿದ್ದು ಬಡ್ಕೊಂಡು ಅಳ್ತಾರಂತಲ್ಲ? ನಾವು ಅವ್ರನ್ನ ಮುಟ್ಟೋ ಹಾಗಿಲ್ಲ. ಅಂಥಾ ಟೈಮಲ್ಲಿ ಏನ್ಮಾಡ್ಲಿ?"

"ಕಾಯಿರಿ" ಎಂದಳು. "ಸುಮ್ನೆ ನಿಂತು ಕಾಯಿರಿ."

ಆಗಲೇ ಹೇಳಿಬಿಡಬಹುದಿತ್ತು. ನಾನೇ ಅವಳು ಎಂದರೆ ಮುಗಿಯಿತು. ಡೆವೆರೊ ಪ್ಯಾಂಟಿಲ್ಲದೆ ನಿಂತು ವಿಷಾದ ಸೂಚಿಸುತ್ತಿದ್ದ, ಅವಳು ನೆಲಕ್ಕೆ ಬೀಳುತ್ತಿದ್ದಳು, ಬೆಂಚಿನ ಮೇಲಿನ ಇಬ್ಬರು ಟವಲಿನಲ್ಲೇ ಆಂಬುಲೆನ್ಸಿಗೆ ಓಡುತ್ತಿದ್ದರು. ಅವರ ಪ್ಯಾಂಟುಗಳು ಬಿಚ್ಚಿದ ಹೊಲಿಗೆಯಲ್ಲೇ ಬಿದ್ದಿರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಟಿವಿಯವರು ಮೂಗು ತೂರಿಸುತ್ತಾರೆ. ಮರ್ಫ್ರಿಯ ಮನೆಯವರು ಟಿವಿಯಲ್ಲಿ ನೋಡುತ್ತಾರೆ. ಇನ್ನೊಂದು ಯೋಚನೆಯೂ ಬಂತು. ಅದು ಅಷ್ಟು ಒಳ್ಳೆಯದಲ್ಲ. ಇವನು ಬಾಯಿಬಿಟ್ಟು ಹೇಳುವವರೆಗೆ, ನಿಯಮದ ಪ್ರಕಾರ, ಅವಳಿಗೆ ಗೊತ್ತಿಲ್ಲ. ಗೊತ್ತಿಲ್ಲದವಳ ಮಗ ಸತ್ತಿಲ್ಲ.

"ಕೊಡಿ ಇಲ್ಲಿ. ನಿಮ್ದು ಮೊದ್ಲು ಮಾಡ್ತೀನಿ" ಎಂದಳು.

ಬೋಳುತಲೆಯವನು ಟವಲು ಬಿಗಿ ಮಾಡಿಕೊಂಡು ಎದ್ದ. "ಏನ್ ಮಿಸ್ ಕಿಮ್, ನಾವು ಮೊದ್ಲು ಬಂದಿಲ್ವಾ?"

"ಇವ್ರು ದೂರ ಹೋಗ್ಬೇಕು. ಕೂತ್ಕೊಳ್ಳಿ, ಟವಲು ಬಿದ್ದೋದ್ರೆ ನಂಗೆ ಅದನ್ನೂ ಹೊಲಿಯೋಕೆ ಹೇಳ್ತೀರ."

ಅವಳ ಮನೆ ಅಂಗಡಿಯಿಂದ ಆರು ನಿಮಿಷದ ನಡಿಗೆ.

ಮೂರಿಂಚು ಬಿಡಿಸಿ, ಹಳೆಯ ಹೊಲಿಗೆಯ ಗುರುತು ಕಾಣದಂತೆ ಹಬೆ ಹಿಡಿದು ಇಸ್ತ್ರಿ ಮಾಡಿದಳು. ಅವನಿಗೆ ಅವಳೇ ಗುಂಡಿ ಹಾಕಿದಳು, ಎದೆಯ ಪದಕಗಳ ಸಾಲು ಸೊಟ್ಟಗಿದ್ದುದನ್ನು ಸರಿಮಾಡಿದಳು. ಮನೆಯಿಂದ ಹೊರಡುವ ಮಗನನ್ನು ನೋಡುವಂತೆ ನೋಡಿದಳು ಎಂದು ಡೆವೆರೊಗೆ ಅನಿಸಿತಂತೆ, ಆಮೇಲೆ ಹೇಳಿದ. ಹೊರಗೆ ಕಾರಿನಲ್ಲಿ ಪಾದ್ರಿ ಕಾಯುತ್ತಿದ್ದ. ಕಾರು ಅವಳ ಮನೆಯ ಕಡೆಗೆ ತಿರುಗಿದ್ದನ್ನು ಕಿಟಕಿಯಿಂದ ನೋಡಿ ಬಂದು ವಾರಂಟಿನವನ ಪ್ಯಾಂಟು ಕೈಗೆತ್ತಿಕೊಂಡಳು.

ಆ ಎರಡು ಪ್ಯಾಂಟುಗಳನ್ನು ಅವಳು ಸಂಜೆಯವರೆಗೂ ಹೊಲಿಯಬಹುದಿತ್ತು. ಮನಸ್ಸು ಹಾಗೇ ಹೇಳುತ್ತಿತ್ತು. ಹೊಲಿದದ್ದನ್ನು ಒಂದು ಸಲ ಬಿಚ್ಚಿಯೂ ನೋಡಿದಳು. ಆಗ ಬ್ರಾಂಡಿಯ ನೆನಪಾಯಿತು. ಇಷ್ಟು ಹೊತ್ತಿಗೆ ಅವಳ ಮನೆಯ ಗಂಟೆ ಬಾರಿಸಿಯಾಗಿತ್ತು. ಆ ಹುಡುಗಿಯನ್ನು ಕೈಯಾರೆ ಮನೆಗೆ ಕಳಿಸಿದವಳಿಗೆ, ಮರ್ಫ್ರಿಯ ಮನೆಯವರಿಗೆ ನಾಲ್ಕು ಗಂಟೆ ಹೆಚ್ಚು ಕೊಡಲು ಏನು ಅಧಿಕಾರ ಎಂದು ಕೇಳಿಕೊಂಡಳು. ಕೈ ಮತ್ತೆ ತನ್ನ ಎಂದಿನ ವೇಗದಲ್ಲಿ ಹೋಯಿತು. ಹನ್ನೊಂದೂವರೆಗೆ ವಾರಂಟಿನವನು ಹೋದ, ಹನ್ನೆರಡಕ್ಕೆ ಬೋಳುತಲೆ. "ಹೊಟ್ಟೆ ಇಳಿಸಿ, ಮುಂದಿನ ಸಲ ಬಟ್ಟೆ ಉಳಿದಿಲ್ಲ ಬಿಡಿಸೋಕೆ" ಎಂದು ಅವನ ಬೆನ್ನಿಗೆ ಹೇಳಿದಳು. ಅವನು ಹೋದ ಮೇಲೆ ನೆಲದ ಮೇಲಿನ ನೀಲಿ ದಾರದ ಚೂರುಗಳನ್ನು ಗುಡಿಸಿ, ಯಂತ್ರಕ್ಕೆ ಹೊದಿಕೆ ಹಾಕಿ, ಬಾಗಿಲಿಗೆ ಬೀಗ ಹಾಕಿದಳು.

ಅವಳ ಮನೆಯ ಮುಂದಿನ ಮೆಟ್ಟಿಲ ಮೇಲೆ ಡೆವೆರೊ ಒಂದೂಕಾಲು ತಾಸಿನಿಂದ ನೆಟ್ಟಗೆ ನಿಂತಿದ್ದ. ಕೂತರೆ ಇಸ್ತ್ರಿ ಕೆಡುತ್ತದೆ. ಬೀದಿಯ ಪ್ರತಿ ಮನೆಯ ಪರದೆಯೂ ಒಂದಿಷ್ಟು ಸರಿದಿತ್ತು. ಅವಳನ್ನು ಕಂಡು ಅವನ ಮುಖ ಅರಳಿತು.

"ಮಿಸ್ ಕಿಮ್! ಒಳ್ಳೇ ಟೈಮಿಗೆ ಬಂದ್ರಿ. ಈ ಮನೇ ಹೆಂಗಸು ನಿಮ್ಗೆ ಗೊತ್ತಾ? ಬೆಳಿಗ್ಗೆಯಿಂದ ಪತ್ತೆ ಇಲ್ಲ."

ಅವಳು ಮೆಟ್ಟಿಲು ಹತ್ತಿ, ಅವನ ಪಕ್ಕದಿಂದ ಕೈ ಚಾಚಿ ಬೀಗಕ್ಕೆ ಕೀಲಿ ಹಾಕಿದಳು. ಕೀಲಿ ತಿರುಗಿದ ಸದ್ದಿಗೆ ಡೆವೆರೊನ ಬಾಯಿ ತೆರೆಯಿತು. ತೆರೆದದ್ದು ಹಾಗೇ ಇತ್ತು. ಪಾದ್ರಿ ಟೋಪಿ ತೆಗೆದ.

"ಅಯ್ಯೋ, ನಾನು... ಮೇಡಂ, ನಾನು ನಿಮ್ಮತ್ರಾನೇ..."

"ಒಳಗೆ ಬನ್ನಿ. ಬೀದಿಯವ್ರಿಗೆ ಕೇಳ್ಸೋದು ಬೇಡ. ಬೂಟು ಬಿಚ್ಚಿ."

"ನಿಯಮದ ಪ್ರಕಾರ ಪೂರ್ತಿ ಯೂನಿಫಾರಂ ಇರ್ಬೇಕು ಮೇಡಂ."

"ಬೂಟು ಹಾಕ್ಕೊಂಡು ನನ್ನ ಮನೆಯೊಳಗೆ ಯಾರೂ ಬಂದಿಲ್ಲ. ರಸ್ಸೆಲ್ಲೂ ಬಂದಿಲ್ಲ."

ಇಬ್ಬರೂ ಹೊಸ್ತಿಲಲ್ಲಿ ಬಗ್ಗಿ, ಕನ್ನಡಿಯಂತೆ ಹೊಳೆಯುವ ಬೂಟುಗಳನ್ನು ಕಷ್ಟಪಟ್ಟು ಕಳಚಿದರು. ಡೆವೆರೊನ ಎಡಗಾಲಿನ ಕಾಲುಚೀಲ ತೂತಾಗಿ ಹೆಬ್ಬೆರಳು ಹೊರಗೆ ಬಂದಿತ್ತು. ಅವನು ಅದನ್ನು ಇನ್ನೊಂದು ಪಾದದ ಕೆಳಗೆ ಅಡಗಿಸಲು ನೋಡಿದ, ಹಾಗೆ ಮಾಡಿದರೆ ನೆಟ್ಟಗೆ ನಿಲ್ಲಲಾಗಲಿಲ್ಲ. ಕೊನೆಗೆ ಎರಡೂ ಪಾದ ಜೋಡಿಸಿ ನಿಂತ. ಅವಳು ಎದುರಿಗೆ ಕೂರಲಿಲ್ಲ, ಅಳಲೂ ಇಲ್ಲ. ತೂತಿನಿಂದ ಇಣುಕುತ್ತಿದ್ದ ಹೆಬ್ಬೆರಳನ್ನೇ ನೋಡುತ್ತ ನಿಂತಳು.

"ಹೇಳಿ" ಎಂದಳು.

ಅವನು ಪೂರ್ತಿ ಹೇಳಿದ. ಎಲ್ಲೂ ತಪ್ಪಲಿಲ್ಲ.